ಮಾವನ ಕೋಟೆಗೆ ಮೂರು ದಾರಿ

ಕೃಷ್ಣರಾಜಪೇಟೆ
೮ ಮೇ ೧೯೯೪

ಶ್ರೀಮತ್ ಕಬ್ಬಿನಗದ್ದೆ ಮಂಡಲಾಧೀಶ್ವರ, ನಾಲೆ ಏರಿಯ ಏಕಚಕ್ರಾಧಿಪತಿ, ಸೀಮೆಹಸು ತ್ರಯ ಪರಿಪಾಲಕ, ಮಂಚಯ್ಯನವರ ಟೈಲರ್ ಅಂಗಡಿಯ ಜಗಲಿಯ ಮೇಲೆ ಸೋಲೆಂಬುದರ ಮುಖವನ್ನೇ ಕಾಣದ ಕರಿಕಾಯಿ ಸಾರ್ವಭೌಮ, ನನ್ನ ತಾಯಿಗೆ ಇರುವ ಒಬ್ಬನೇ ಒಬ್ಬ ಅಣ್ಣ, ಚಿಕ್ಕಸ್ವಾಮಿ ಮಾವನವರ ಪಾದಾರವಿಂದಗಳಿಗೆ, ಬಿಎಸ್ಸಿ ಎರಡನೇ ವರ್ಷಕ್ಕೆ ಹೇಗೋ ದಾಟಿಕೊಂಡ ಕಿಂಕರ ದಿಲೀಪನು ಅಡ್ಡಬಿದ್ದು ಬಿನ್ನವಿಸಿಕೊಳ್ಳುವುದೇನೆಂದರೆ:

ಯುಗಾದಿಗೆ ತಮ್ಮಲ್ಲಿಗೆ ಬಂದಾಗ ಚದುರಂಗದಲ್ಲಿ ನಾನು ಪ್ರತಿ ಸಲವೂ ಬಿಳಿಕಾಯಿ ಹಿಡಿದು, ಪ್ರತಿ ಸಲವೂ ಸೋತದ್ದನ್ನು ಪಾಂಡವಪುರದ ಇತಿಹಾಸ ಬರೆಯುವವರು ಮರೆಯಲಾರರು. ಆಗ ತಾವು, "ಇಲ್ಲಿ ಕೂತ್ಕಂಡು ಬೆವರಬ್ಯಾಡ ಕಣ್ಲಾ. ಊರಿಗೋಗು, ಕಾಗದದಲ್ಲಿ ಆಡು. ಯೋಚ್ನೆ ಮಾಡಕ್ಕೆ ಟೈಮು ಸಿಗ್ತದೆ" ಎಂದು ಅಪ್ಪಣೆ ಕೊಡಿಸಿದಿರಿ. ಅದರಂತೆ ನಾನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದೆ. ತಾವು ಮಂತ್ರಿಯ ಪಕ್ಕದ ಒಂಟೆಯ ಮುಂದಿದ್ದ ಕಾಲಾಳನ್ನು ಒಂದೇ ಒಂದು ಮನೆ ಸರಿಸಿದಿರಿ, ಮಲಗಿದವರು ಹೊದಿಕೆ ಸರಿಮಾಡಿಕೊಂಡ ಹಾಗೆ.

ಈಗ ನನ್ನ ಎರಡನೇ ನಡೆ: ಮಂತ್ರಿಯ ಮುಂದಿನ ಕಾಲಾಳು, ಅದೂ ಎರಡು ಮನೆ. ನಡುಮನೆಯಲ್ಲಿ ನನ್ನ ಇಬ್ಬರು ಜವಾನರು ಭುಜಕ್ಕೆ ಭುಜ ಕೊಟ್ಟು ನಿಂತಿದ್ದಾರೆ. ಎಚ್ಚರಿಕೆ.

ಅಮ್ಮ ಕೇಳಲು ಹೇಳಿದ್ದು: ಕಬ್ಬು ಹೇಗಿದೆ. ಅಮ್ಮ ಕೇಳಲು ಹೇಳದೇ ಇದ್ದದ್ದು ಇನ್ನೊಂದಿದೆ. ಅದನ್ನು ನಾನೂ ಕೇಳುವುದಿಲ್ಲ.

ತಮ್ಮ ಚರಣರಜ,
ದಿಲೀಪ್

*

ಪಾಂಡವಪುರ
೧೪-೫-೯೪

ಚಿ. ದಿಲೀಪನಿಗೆ ಆಶೀರ್ವಾದ.

ನಿನ್ನ ಕಾಗದ ಪೋಸ್ಟ್‌ಮ್ಯಾನು ಮಂಚಯ್ಯನ ಅಂಗಡೀಲೇ ಕೊಟ್ಬುಟ್ಟ. ಮಂಚಯ್ಯ ಒಡೆದು ಎಲ್ರ ಮುಂದೆ ಓದ್ಬುಟ್ಟ. ಈಗ ಜನ ನನ್ನ ಮಂಡಲಾಧೀಶ್ವರ ಅಂತಾವ್ರೆ. ಸೀಮೆಹಸು ಮೂರಿಲ್ಲ, ಎರಡದೆ, ಒಂದು ಮಾರ್ದೆ. ಇಂಗೆಲ್ಲ ಬರೀಬ್ಯಾಡ.

ಮಂತ್ರಿ ಮುಂದಲ ಕಾಲಾಳು ಎರಡು ಮನೆ. ನಿನ್ನ ಜವಾನನ ಮೂಗಿನ ಮುಂದೆ ನಿಂತವ್ನೆ. ಹೊಡೀತೀಯೋ, ದಾಟ್ತೀಯೋ, ಕಾಯ್ತೀಯೋ ನೋಡು.

ಕಬ್ಬು ಚೆಂದಾಗದೆ. ನಿಮ್ಮವ್ವ ಪಾರ್ವತಿ ಹೆಂಗವ್ಳೆ? ರಂಜಿತ ಶ್ರೀರಂಗಪಟ್ಟಣದಲ್ಲೇ ಪಾಠ ಹೇಳ್ಕಂಡವ್ಳಾ? ಸುಮ್ನೆ ಕೇಳ್ದೆ.

ಚಿಕ್ಕಸ್ವಾಮಿ

*

ಕೃಷ್ಣರಾಜಪೇಟೆ
೨೦ ಮೇ ೧೯೯೪

ಶ್ರೀರಂಗಪಟ್ಟಣದ ಒಂದನೇ ಕ್ಲಾಸು 'ಬಿ' ಸೆಕ್ಷನ್ನಿನ ಸರ್ವಾಧಿಕಾರಿಣಿ, ಮಗ್ಗಿ ಮಹಾರಾಣಿ, ಅಕ್ಕ ರಂಜಿತಳ ಸನ್ನಿಧಾನಕ್ಕೆ,

ಮಾವನ ಕಾರ್ಡು ಬಂತು. ಕೊನೆಯಲ್ಲಿ ನಿನ್ನ ಹೆಸರಿದೆ. ಅದರ ಪಕ್ಕದಲ್ಲಿ 'ಸುಮ್ನೆ ಕೇಳ್ದೆ' ಅಂತಲೂ ಇದೆ. ಅಮ್ಮ ಅದನ್ನು ನನ್ನ ಕೈಯಲ್ಲಿ ಮೂರು ಸಲ ಓದಿಸಿ, "ನೋಡ್ದಾ, ಅಣ್ಣ ಮನಸಲ್ಲಿ ಮಡಿಕ್ಕಂಡವ್ನೆ" ಅಂದಳು. ಏನನ್ನು ಮಡಿಕ್ಕಂಡವ್ನೆ ಎಂದು ಕೇಳಿದರೆ ಒಲೆ ಊದಲು ಹೋದಳು.

ನಿನಗೆ ಮೈಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿರುವುದು ಅಮ್ಮನಿಗೆ ಸಂತೋಷವೇ. ಆದರೆ ಕಳಿಸುವುದಿಲ್ಲವಂತೆ. ನಿನ್ನೆ ಕೂರಿಸಿಕೊಂಡು ವಿಚಾರಣೆ ಮಾಡಿದೆ.

"ಅಣ್ಣನ ಬಾಯಿಂದ ಒಂದು ಮಾತು ಬರ್ದೆ ಹುಡುಗೀನ ಮೈಸೂರಿಗೆ ಕಳ್ಸುದ್ರೆ, ಅವ್ನ ಮಗ ನಿಂಗರಾಜು ನಮಗೆ ಬ್ಯಾಡ ಅಂದಂಗಾಯ್ತದೆ ಕಣ್ಲಾ."

"ಅಂಗಾದ್ರೆ ಮಾವನ್ನೇ ಕೇಳವ್ವ. ನಿನ್ನ ಮಗನಿಗೆ ತಕಳ್ತೀಯಾ, ಇಲ್ವಾ ಅಂತ."

"ಹೆಣ್ಣು ಹೆತ್ತೋರು ಕೇಳಾಕಾಯ್ತದಾ? ಅವ್ನೇ ಕೇಳ್ಬೇಕು. ಇಲ್ಲಾಂದ್ರೆ ಅವ್ನೇ ಬುಡಬೇಕು."

"ಎರಡೂ ಮಾಡ್ದೆ ಕೂತವ್ನಲ್ಲ."

"ಅದಕ್ಕೇ ನಾನೂ ಕೂತಿವ್ನಿ."

ಅಪ್ಪನನ್ನು ಕೇಳಿದೆ. ಅದು ನಿಮ್ಮವ್ವನ ತವರಿನ ವಿಚಾರ ಎಂದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಹೀಗಾಗಿ, ಮಾವನ ಬಾಯಿಂದ ಆ ಒಂದು ಮಾತನ್ನು ಚದುರಂಗದ ನೆಪದಲ್ಲಿ ಹೊರಡಿಸುವ ಭಾರ ನನ್ನ ಬಡ ಭುಜಗಳ ಮೇಲೆ ಬಿದ್ದಿದೆ. ಕಾಲೇಜು ಲೈಬ್ರರಿಯಲ್ಲಿ ಹುಳ ತಿಂದು ಉಳಿಸಿದ ಒಂದು ಚೆಸ್ ಪುಸ್ತಕ ಸಿಕ್ಕಿತು. ಮಾವ ಆಡುವ ಆಟಕ್ಕೆ ಅದರಲ್ಲಿ ಕಾರೋ-ಕಾನ್ ರಕ್ಷಣೆ ಅಂತ ಹೆಸರು. ಮಾವ ಅದನ್ನು 'ಕದ ಹಾಕ್ಕಂಡು ಆಡೋದು' ಎನ್ನುತ್ತಾರೆ. ಪುಸ್ತಕಕ್ಕಿಂತ ಮಾವನ ಹೆಸರೇ ಸರಿ. ಅದನ್ನು ಎದುರಿಸಲು ಬಿಳಿಯವನಿಗೆ ಮೂರು ದಾರಿ. ಅವರ ಕಾಲಾಳನ್ನು ಹೊಡೆದು, ನಮ್ಮದನ್ನೂ ಹೊಡೆಸಿಕೊಂಡು ಲೆಕ್ಕ ಚುಕ್ತಾ ಮಾಡುವುದು. ಇಲ್ಲವೇ ಹೊಡೆಯದೆ ಪಕ್ಕದಲ್ಲೇ ಮುಂದಕ್ಕೆ ನುಗ್ಗಿ ಅವರ ಅಂಗಳದಲ್ಲಿ ಕೂರುವುದು. ಅದೂ ಬೇಡವೆಂದರೆ ಹಿಂದೊಂದು ಕುದುರೆ ತಂದು ನಿಲ್ಲಿಸಿ, ಏನೂ ಆಗದವರ ಹಾಗೆ ಕಾಯುವುದು. ಯಾವುದು ಒಳ್ಳೆಯದೆಂದು ಮೂರು ಅಧ್ಯಾಯವನ್ನೂ ಓದಿದೆ. ಮೂರರ ಕೊನೆಯಲ್ಲೂ ಒಂದೇ ವಾಕ್ಯ: ಬಿಳಿಗೆ ಅಲ್ಪ ಮೇಲುಗೈ.

ಈ ಅಲ್ಪ ಮೇಲುಗೈಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಬೆಳಗ್ಗೆ ಎದ್ದಾಗ ನುಗ್ಗೋಣ ಅನ್ನಿಸುತ್ತದೆ. ಊಟವಾದ ಮೇಲೆ ಕಾಯೋಣ ಅನ್ನಿಸುತ್ತದೆ. ನಿನ್ನ ಅಭಿಪ್ರಾಯ ಬರೆ.

ಗೊಂದಲಾನಂದ ಸ್ವಾಮಿ,
ದಿಲೀಪ್

*

ಶ್ರೀರಂಗಪಟ್ಟಣ
೨೭-೫-೯೪

ದಿಲೀಪ,

ನಿನಗೆ ಇದು ಆಟ. ನನಗೆ ಜುಲೈ ಇಪ್ಪತ್ತು ಕಡೇ ದಿನ. ಅಷ್ಟರೊಳಗೆ ಕಾಲೇಜಿಗೆ ಹೋಗಿ ಸೇರದಿದ್ದರೆ ಸೀಟು ಇನ್ನೊಬ್ಬರ ಪಾಲಾಗುತ್ತದೆ, ಮುಂದಿನ ವರ್ಷ ಸಿಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಇಲ್ಲಿ ಚಿಕ್ಕಮ್ಮನ ಮನೆಯಲ್ಲಿ ದಿನಾ ಇದೇ ಮಾತು. "ಸೋದರಮಾವನ ಮಗ ಇರೋವಾಗ ಬಿ.ಎಡ್ಡು ಗಿಯೆಡ್ಡು ಯಾಕವ್ವ?" ಎಂದು ಪಕ್ಕದ ಮನೆ ಮಾರಮ್ಮ ನನ್ನನ್ನು ಕೇಳುತ್ತಾಳೆ. ನಾನು ನಗುತ್ತೇನೆ. ನಕ್ಕರೆ ಒಪ್ಪಿಗೆ ಅಂದುಕೊಳ್ಳುತ್ತಾಳೆ. ನಗದಿದ್ದರೆ ನಾಚಿಕೆ ಅಂದುಕೊಳ್ಳುತ್ತಾಳೆ.

ನಿಂಗರಾಜು ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಅಮ್ಮನ ಮುಂದೆ ಒಂದು ಕಾರಣ ಇಡಬಹುದಿತ್ತು.

ನೀನು ನುಗ್ಗು. ನೇರವಾಗಿ ಕೇಳು. ಆದರೆ ನಾನು ಕೇಳಿಸಿದೆ ಅಂತ ಗೊತ್ತಾಗಬಾರದು, ಅಮ್ಮ ಕೇಳಿಸಿದಳು ಅಂತಲೂ ಗೊತ್ತಾಗಬಾರದು, ನೀನೇ ತಲೆಹರಟೆ ಮಾಡಿದ ಹಾಗಿರಬೇಕು. ಅದು ನಿನಗೆ ಕಷ್ಟವಾಗಲಾರದು.

ರಂಜಿತ

*

ಕೃಷ್ಣರಾಜಪೇಟೆ
೬ ಜೂನ್ ೧೯೯೪

ಮಂಡಲಾಧೀಶ್ವರ ಎಂಬ ಬಿರುದನ್ನು ಮನಸ್ಸಿಲ್ಲದ ಮನಸ್ಸಿನಿಂದ ಹಿಂದಕ್ಕೆ ಪಡೆಯಲಾಗಿ, ಈಗ ಬರಿಯ ಮಾವನಾಗಿ ಉಳಿದಿರುವ ಮಾವನವರಿಗೆ,

ಯುದ್ಧ ಘೋಷಿಸಿದ್ದೇನೆ. ರಾಜನ ಮುಂದಿನ ಕಾಲಾಳು ತಮ್ಮ ಜವಾನನನ್ನು ಹೊಡೆಯದೆ, ಅವನ ಪಕ್ಕದಲ್ಲೇ ನಡೆದು, ಇನ್ನೊಂದು ಮನೆ ಮುಂದಕ್ಕೆ. ತಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದಾನೆ.

ಇದೇ ಹುಮ್ಮಸ್ಸಿನಲ್ಲಿ ಒಂದು ಲೋಕಾಭಿರಾಮದ ಪ್ರಶ್ನೆ. ಈ ವರ್ಷ ಮನೆಯಲ್ಲಿ ಏನಾದರೂ ಶುಭಕಾರ್ಯದ ಆಲೋಚನೆ ಉಂಟೋ? ನನಗೆ ಹೊಸ ಪ್ಯಾಂಟು ಹೊಲಿಸಬೇಕಾಗಿದೆ. ಮಂಚಯ್ಯನವರಿಗೆ ಮುಂಚೆಯೇ ಅಳತೆ ಕೊಡೋಣವೆಂದು ಕೇಳಿದೆ. ಬೇರೆ ಯಾರೂ ಕೇಳಿಸಲಿಲ್ಲ.

ಸೇನಾನಿ,
ದಿಲೀಪ್

*

ಪಾಂಡವಪುರ
೧೨-೬-೯೪

ಚಿ. ದಿಲೀಪನಿಗೆ ಆಶೀರ್ವಾದ.

ಮಂತ್ರಿ ಪಕ್ಕದ ಒಂಟೆ ಓರೆಗೆ ಮೂರು ಮನೆ. ಕದ ಹಾಕೋಕ್ ಮುಂಚೆ ಅದ ಆಚೆಗೆ ಬುಟ್ಟಿವ್ನಿ. ಒಳಗಿದ್ರೆ ಉಸಿರು ಕಟ್ತದೆ.

ಶುಭಕಾರ್ಯ ಅಂದ್ಯಲ್ಲ, ನಮ್ಮನೇದಾ, ನಿಮ್ಮನೇದಾ? ನಿಮ್ಮವ್ವ ಕೇಳ್ಸುದ್ಲಾ? ಅವ್ಳು ಕೇಳ್ಸಿದ್ರೆ ಒಂದು ಉತ್ರ, ನೀನೇ ಕೇಳಿದ್ರೆ ಇನ್ನೊಂದು. ಬರೆ.

ಪ್ಯಾಂಟು ಹೊಲ್ಸಕೆ ಶುಭಕಾರ್ಯ ಯಾಕ್ಲಾ ಬೇಕು. ಬಂದು ಹೊಲುಸ್ಕಂಡೋಗು.

ಚಿಕ್ಕಸ್ವಾಮಿ

*

ಕೃಷ್ಣರಾಜಪೇಟೆ
೧೭ ಜೂನ್ ೧೯೯೪

ನಾಗಮಂಗಲ ಹೈಸ್ಕೂಲಿನ ಸಮಸ್ತ ಬಾಲಕ ಬಾಲಕಿಯರನ್ನು ಒಂದೇ ಸೀಟಿಯಿಂದ ಎಡಕ್ಕೂ ಬಲಕ್ಕೂ ತಿರುಗಿಸುವ ಡ್ರಿಲ್ ಮಾಸ್ತರ್ ನಿಂಗರಾಜು ಭಾವನವರಿಗೆ,

ನಿಮ್ಮ ತಂದೆಯವರ ಅಂಗಳಕ್ಕೆ ನುಗ್ಗಿ ಕೇಳಿದೆ. ಅವರು ನನ್ನನ್ನೇ ತಿರುಗಿಸಿ ಪ್ರಶ್ನೆ ಕೇಳಿದರು. ಅಮ್ಮ ಕೇಳಿಸಿದಳು ಎಂದು ಬರೆದರೆ ಅಮ್ಮ ನನ್ನನ್ನು ಕೊಲ್ಲುತ್ತಾಳೆ. ನಾನೇ ಕೇಳಿದೆ ಎಂದರೆ 'ಇನ್ನೊಂದು ಉತ್ತರ' ಬರುತ್ತದಂತೆ. ಅದು ಏನೆಂದು ಊಹಿಸುತ್ತ ಎರಡು ದಿನದಿಂದ ಕಾರ್ಡು ಬರೆದು ಬರೆದು ಹರಿಯುತ್ತಿದ್ದೇನೆ.

ಆದ್ದರಿಂದ ಕೊಟ್ಟು ತೆಗೆದುಕೊಳ್ಳುವ ದಾರಿಗೆ ಬಂದಿದ್ದೇನೆ. ನಾನು ಒಂದು ನಿಜ ಕೊಡುತ್ತೇನೆ, ನೀವು ಒಂದು ನಿಜ ಕೊಡಿ. ನನ್ನದು: ಅಕ್ಕನಿಗೆ ಓದಬೇಕು, ಈ ಜುಲೈಯಲ್ಲೇ. ಮದುವೆ ನಿಮ್ಮ ಜೊತೆಗೇ ಆಗಲಿ, ಇಂದ್ರನ ಜೊತೆಗೇ ಆಗಲಿ, ಈಗ ಬೇಡ. ನಿಮ್ಮದು ಏನು? ನಿಮಗೆ ಅಕ್ಕ ಬೇಕೋ, ಬೇಡವೋ? ಅಟೆನ್ಶನ್‌ನಲ್ಲಿ ನಿಂತು ಉತ್ತರಿಸಿ.

ದಿಲೀಪ್

*

ನಾಗಮಂಗಲ
೨೫ ಜೂನ್ ೧೯೯೪

ಪ್ರಿಯ ದಿಲೀಪ,

ನಿನ್ನ ಕಾಗದ ಬಂದ ದಿನ ಹೊಣಕೆರೆಯಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ಇತ್ತು. ಜೇಬಿನಲ್ಲಿಟ್ಟುಕೊಂಡೇ ಓಟದ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು, ಹುಡುಗರು ನಕ್ಕರು.

ನಿಜ ಕೇಳಿದ್ದೀಯ. ನನಗೇ ಗೊತ್ತಿಲ್ಲ ಕಣೋ. ಹೈಸ್ಕೂಲಿನಲ್ಲಿ ಓದುತ್ತಿದ್ದಾಗಿನಿಂದ ಎಲ್ಲರೂ 'ನಿಂಗ್ಯಾಕ್ಲಾ ಯೋಚ್ನೆ, ಅತ್ತೆ ಮಗಳವ್ಳೆ' ಅಂದರು. ಹಾಗಾಗಿ ನಾನು ಯೋಚನೆ ಮಾಡಲಿಲ್ಲ. ರಂಜಿತ ಒಪ್ಪಿದ್ದಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನು ಕಂಡಾಗ ನಗುತ್ತಿದ್ದಳು.

ಅವಳಿಗೆ ಬೇಡವಾದರೆ ನನಗೂ ಬೇಡ. ಬೇಕಾದರೆ ನನಗೂ ಬೇಕು. ಆದರೆ ಬೇಡ ಅಂತ ನನ್ನ ಬಾಯಿಂದ ಬರುವ ಹಾಗಿಲ್ಲ. ಗಂಡಿನ ಕಡೆಯವರು ಬೇಡ ಅಂದರೆ ಹೆಸರು ಕೆಡುವುದು ಹುಡುಗಿಯದು. ಅಪ್ಪ ನನ್ನನ್ನು ಈವರೆಗೆ ಕೇಳಿಲ್ಲ. ಕೇಳಿದರೆ ಏನು ಹೇಳಲಿ ಅಂತ ನೀನೇ ಬರೆ.

ಇದನ್ನು ಅಪ್ಪನಿಗೆ ತೋರಿಸಬೇಡ. ಬೇಕಾದರೆ ತೋರಿಸು.

ನಿನ್ನ
ನಿಂಗರಾಜು

*

ಕೃಷ್ಣರಾಜಪೇಟೆ
೩ ಜುಲೈ ೧೯೯೪

ಮಾವ,

ಹಿಂದಿನ ಕಾರ್ಡಿನಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಕೊಡದೆ ರಾಜನ ಕಡೆಯ ಕುದುರೆ ಬಿಟ್ಟೆ. ನೀವು ರಾಜನ ಮುಂದಿನ ಕಾಲಾಳು ಒಂದು ಮನೆ ಸರಿಸಿ ಅಗಳಿ ಹಾಕಿದಿರಿ. ಈಗ ನನ್ನ ರಾಜನ ಪಕ್ಕದ ಒಂಟೆ ಒಂದೇ ಮನೆ ಓರೆಗೆ. ಹೊಡೆಯುವುದಿಲ್ಲ, ಬೆದರಿಸುವುದಿಲ್ಲ, ಸುಮ್ಮನೆ ಕೂತಿದೆ. ಪುಸ್ತಕದಲ್ಲಿ ಇದಕ್ಕೂ ಅಲ್ಪ ಮೇಲುಗೈ ಅಂತಲೇ ಬರೆದಿದೆ.

ಬಿರುದು ಬರೆಯಲು ಇವತ್ತು ಮನಸ್ಸಾಗುತ್ತಿಲ್ಲ. ನುಗ್ಗಿ ನೋಡಿದೆ, ನೀವು ಪಕ್ಕಕ್ಕೆ ಸರಿದಿರಿ. ಭಾವನ ಹತ್ತಿರ ಕೊಟ್ಟು ತೆಗೆದುಕೊಂಡು ನೋಡಿದೆ, ಅವನ ಕೈಯೂ ನನ್ನ ಕೈಯ ಹಾಗೇ ಬರಿದಾಗಿತ್ತು. ಕಾದು ನೋಡಲು ಹೊತ್ತಿಲ್ಲ. ಅಕ್ಕ ಇಪ್ಪತ್ತನೇ ತಾರೀಕಿನೊಳಗೆ ಮೈಸೂರಿನ ಕಾಲೇಜು ಸೇರಬೇಕು. ನಿಮ್ಮ ಮಾತು ಬಾರದೆ ಅಮ್ಮ ಕಳಿಸುವುದಿಲ್ಲ. ಇದನ್ನು ಅಮ್ಮ ಬರೆಸಲಿಲ್ಲ, ಅಕ್ಕ ಬರೆಸಲಿಲ್ಲ. ಬರೆದೆ ಅಂತ ಗೊತ್ತಾದರೆ ಇಬ್ಬರೂ ಬಯ್ಯುತ್ತಾರೆ.

ನನಗೆ ಈ ಆಟ ತಿಳಿಯುತ್ತಿಲ್ಲ. ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಎದುರಿಗೆ ನೀವೇ ಬಿಳಿಕಾಯಿ ಹಿಡಿದು ಕೂತಿದ್ದರೆ ಏನು ಮಾಡುತ್ತಿದ್ದಿರಿ?

ದಿಲೀಪ್

*

ಪಾಂಡವಪುರ
೯-೭-೯೪

ಚಿ. ದಿಲೀಪನಿಗೆ ಆಶೀರ್ವಾದ.

ಈ ಕಾಗದನ ಮಂಚಯ್ಯನ ಕೈಗೆ ಸಿಗ್ದಂಗೆ ನಾನೇ ಪೋಸ್ಟಾಫೀಸಿಗೋಗಿ ತಕ್ಕಂಬಂದು ಓದ್ದೆ. ಗದ್ದೆ ಬದೀಲಿ ಕೂತ್ಕಂಡು ಬರೀತಾ ಇವ್ನಿ, ಅಕ್ಸರ ಸೊಟ್ಟಗಿದ್ರೆ ಅನ್ಸರಿಸ್ಕೊ.

ಒಂಟೆ ಮುಂದಲ ಕಾಲಾಳು, ಮೊದ್ಲು ಒಂದು ಮನೆ ಸರ್ಸಿದ್ನಲ್ಲ, ಅದೇ ಇನ್ನೊಂದು ಮನೆ.

ನಾನೇ ಬಿಳಿ ಹಿಡಿದ್ರೆ ಏನ್ ಮಾಡ್ತಿದ್ದೆ ಅಂದ್ಯಲ್ಲ. ಮಂಚಯ್ಯನ ಜಗಲೀಲಿ ನಾನು ಯಾವತ್ತೂ ಬಿಳಿ ಹಿಡಿದೋನಲ್ಲ ಕಣ್ಲಾ. ಮೊದ್ಲು ಆಡೋದು ನಂಗೆ ಬರಕಿಲ್ಲ. ಎದುರುನೋನು ಏನಾರ ಮಾಡ್ಲಿ, ಆಮೇಕೆ ನೋಡವ ಅಂತ ಕೂತ್ಕಳೋದು. ಮನೇಲೂ ಅಂಗೇ ಆಗೋಯ್ತು.

ನಿಮ್ಮವ್ವ ಹುಟ್ಟಿದಾಗಿಂದ ನನ್ ಮಾತ ತೆಗೆದಾಕಿದೋಳಲ್ಲ. ಹೆಣ್ಣು ಕೊಡವ್ವ ಅಂದ್ರೆ, ಇಷ್ಟ ಅದ್ಯೋ ಇಲ್ವೋ, ಬಾಯ್ ಮುಚ್ಕಂಡು ಕೊಟ್ಬುಡ್ತಾಳೆ. ಅದಕ್ಕೆ ಕೇಳ್ನಿಲ್ಲ. ಬ್ಯಾಡ ಅಂದ್ಬುಡವ ಅಂದ್ರೆ, ಸ್ವಂತ ಸೋದರಮಾವನೇ ಬುಟ್ಬುಟ್ಟ, ಹುಡುಗೀಲಿ ಏನೋ ಕೊರೆ ಅದೆ ಅಂತ ಜನ ಆಡ್ಕತಾರೆ. ಅದಕ್ಕೆ ಬುಡ್ನಿಲ್ಲ. ನಿಮ್ಮ ಕಡೆಯಿಂದ್ಲೇ ಒಂದು 'ಬ್ಯಾಡ' ಬಂದ್ರೆ ಅವ್ಳ ಹೆಸರೂ ಉಳೀತದೆ, ನಾನೂ ಹೂಂ ಅಂದ್ಬುಡ್ತೀನಿ ಅಂತ ವರ್ಸದಿಂದ ಕಾಯ್ತಾ ಕೂತಿವ್ನಿ. ಆಡೋ ಸರದಿ ನಿಮ್ದು ಅಂತ ನಾನು, ನಂದು ಅಂತ ನೀವು.

ರಂಜಿತ ಓದ್ತೀನಿ ಅಂದ್ರೆ ನಾನ್ಯಾಕ್ಲಾ ಅಡ್ಡ ಬರ್ಲಿ. ಅವ್ಳು ಅಂಬೆಗಾಲಿಕ್ತಿದ್ದಾಗ ಎತ್ಕಂಡು ನಾಲೆ ತೋರಿಸ್ದೋನು ನಾನು.

ಕಾಗದದಲ್ಲಿ ಹೇಳಿದ್ರೆ ನಿಮ್ಮವ್ವ ನಂಬಕಿಲ್ಲ. ಹದಿನೇಳನೇ ತಾರೀಕು ಭಾನುವಾರ ನಾನೇ ಬತ್ತೀನಿ. ನೀ ಬಾಯ್ ಬುಡಬ್ಯಾಡ.

ಚಿಕ್ಕಸ್ವಾಮಿ

*

ಕೃಷ್ಣರಾಜಪೇಟೆ
೧೮ ಜುಲೈ ೧೯೯೪

ನಿಂಗರಾಜು ಭಾವ,

ನಿನ್ನೆ ನಿಮ್ಮ ತಂದೆ ಬಂದಿದ್ದರು. ನಡೆದದ್ದನ್ನು ಮೊದಲು ನಿಮಗೆ ತಿಳಿಸಬೇಕು ಅನ್ನಿಸಿತು.

ಬಂದವರು ಕಬ್ಬಿನ ವಿಚಾರ ಆಡಿದರು. ಅಮ್ಮ ಅವರೆಕಾಳಿನ ವಿಚಾರ ಆಡಿದಳು. ಊಟವಾಯಿತು. ಮತ್ತೆ ಕಬ್ಬು. ಶ್ರೀರಂಗಪಟ್ಟಣದಿಂದ ಬಂದಿದ್ದ ಅಕ್ಕ ಬಾಗಿಲ ಸಂದಿಯಲ್ಲಿ ನಿಂತು, ಕಣ್ಣಲ್ಲೇ ನನ್ನನ್ನು ಸುಡುತ್ತಿದ್ದಳು. ನಾನು ಬಾಯಿ ಬಿಡುವ ಹಾಗಿರಲಿಲ್ಲ. ಕೊನೆಗೆ ಮಾವ ಬಸ್ಸಿಗೆ ಹೊತ್ತಾಯಿತೆಂದು ಎದ್ದೇಬಿಟ್ಟರು. ನಾವೆಲ್ಲ ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಪಾಂಡವಪುರದ ಬಸ್ಸು ತಿರುಗಿಕೊಂಡು ಒಳಗೆ ಬರುತ್ತಿತ್ತು. ಆಗ ಮಾವ ಅಂಗಿ ಜೇಬಿನಿಂದ ಬಾಡಿದ ಎಲೆ ಅಡಿಕೆ ತೆಗೆದು ಅಮ್ಮನ ಕೈಗೆ ಇಟ್ಟರು.

"ಹುಡುಗೀನ ಓದ್ಸು ಪಾರ್ವತಿ. ನಮ್ಮನೇಲಿ ಯಾರೂ ಕಾಯ್ತಾ ಕೂತಿಲ್ಲ."

ಅಮ್ಮ ಎಲೆಯನ್ನೇ ನೋಡುತ್ತ, "ನಿಂಗೆ ಬೇಜಾರಿಲ್ವಾ ಅಣ್ಣ?" ಅಂದಳು.

"ಬೇಜಾರು ಯಾಕೆ. ನಿಂಗೆ?"

"ನಂಗೂ ಇಲ್ಲ. ನಿಂಗಾಯ್ತದೇನೋ ಅಂತ."

"ನಂಗೂ ಅದೇಯ."

ಕಂಡಕ್ಟರು ಸೀಟಿ ಊದಿದ. ಮಾವ ಹತ್ತಿದರು. ಅಮ್ಮ ಬಸ್ಸು ಹೋದ ಮೇಲೂ ಅಲ್ಲೇ ನಿಂತು, "ಇಷ್ಟೇನಾ" ಅಂದಳು. ಮತ್ತೊಮ್ಮೆ, "ಇಷ್ಟಕ್ಕೇನಾ" ಅಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾತಕ್ಕೆ ಎಂದು ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಾರದು.

ನೀವು ಹೇಗಿದ್ದೀರಿ? ಇದಕ್ಕೆ ಅಟೆನ್ಶನ್‌ನಲ್ಲಿ ನಿಲ್ಲಬೇಕಾಗಿಲ್ಲ.

ದಿಲೀಪ್

*

ಕೃಷ್ಣರಾಜಪೇಟೆ
೭ ಆಗಸ್ಟ್ ೧೯೯೪

ಕದ ತೆರೆದರೂ ಕೋಟೆ ಬೀಳದ ಅಪೂರ್ವ ದುರ್ಗಾಧಿಪತಿ, ಈಗ ಬರಿ ಸೀಮೆಹಸು ದ್ವಯ ಪರಿಪಾಲಕ, ಮಾವನವರ ಪಾದಗಳಿಗೆ,

ಅಕ್ಕ ಹತ್ತೊಂಬತ್ತಕ್ಕೇ ಹೋಗಿ ಸೇರಿದಳು. ಹಾಸ್ಟೆಲಿನಲ್ಲಿ ಸಾರು ನೀರಂತೆ, ಕಿಟಕಿಗೆ ಬಾಗಿಲಿಲ್ಲವಂತೆ, ಬಹಳ ಖುಷಿಯಾಗಿದ್ದಾಳಂತೆ. ನಿಂಗರಾಜು ಭಾವ ಇನ್ನೂ ಉತ್ತರ ಬರೆದಿಲ್ಲ. ಊರಿಗೆ ಬಂದರೆ ನೀವಾದರೂ ಕೇಳಿ, ಕೇಳುವುದು ನಿಮಗೆ ಈಗ ಬರುತ್ತದೆ.

ಅಮ್ಮ ನನ್ನನ್ನು ಬೀದಿಯಲ್ಲೆಲ್ಲ ಹೊಗಳುತ್ತಿದ್ದಾಳೆ. "ಚದುರಂಗ ಆಡ್ಕಂಡೇ ನಮ್ಮ ಹುಡ್ಗ ಅಕ್ಕನ ಕೆಲ್ಸ ಮಾಡ್ಕೊಟ್ಟ" ಎನ್ನುತ್ತಾಳೆ. ಅಕ್ಕನೂ ಕಾಗದದಲ್ಲಿ ಒಳ್ಳೆಯ ಮಾತು ಬರೆದಿದ್ದಾಳೆ, ಅವಳ ಕೈಯಿಂದ ಅಂಥದ್ದು ಬಂದದ್ದು ಇದೇ ಮೊದಲು. ಅದನ್ನು ಮಡಚಿ ಪುಸ್ತಕದಲ್ಲಿಟ್ಟೆ, ತೆಗೆದು ನೋಡಲು ಆಗುತ್ತಿಲ್ಲ.

ನನ್ನ ನಡೆ: ರಾಜನನ್ನು ಆನೆಯ ಪಕ್ಕಕ್ಕೆ, ಮೂಲೆಗೆ ಸೇರಿಸಿದ್ದೇನೆ. ನಿಮ್ಮ ಸರದಿ.

ಇನ್ನೊಂದು ಮಾತಿದೆ. ಇದನ್ನು ಮಂಚಯ್ಯನವರ ಜಗಲಿಯಲ್ಲಿ ಓದಿಸಬೇಡಿ. ಹೊಡೆಯಲೋ, ನುಗ್ಗಲೋ, ಕಾಯಲೋ ಎಂದು ನಾನು ಅಷ್ಟು ದಿನ ಒದ್ದಾಡಿದ್ದು ಆಟ ತಿಳಿಯದೆ ಅಲ್ಲ. ನಿಮ್ಮ ಮನೆಗೆ ಸೊಸೆಯಾಗಿ ಬಂದಿದ್ದರೆ ಅಕ್ಕ ಹೋದ ಹಾಗೇ ಆಗುತ್ತಿರಲಿಲ್ಲ, ಅಜ್ಜಿಮನೆಗೆ ಹೋದ ಹಾಗಾಗುತ್ತಿತ್ತು. ಇನ್ನು ಅವಳಿಗೆ ಕೆಲಸ ಎಲ್ಲೋ, ಗಂಡ ಯಾವ ಊರಿನವನೋ. ಯಾವ ದಾರಿ ಹಿಡಿದರೆ ನೀವು ಗೆದ್ದು ಅಕ್ಕ ನಿಮ್ಮ ಮನೆಗೇ ಬಂದಾಳು ಎಂದು ಹುಡುಕುತ್ತಿದ್ದೆ, ಮಾವ.

ದಿಲೀಪ್